ಸ್ಟ್ರೋಕ್ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಗಂಟು: ಗಾಬರಿ ಬೇಡ, ಮರೆಯುವುದೂ ಬೇಡ

ಸ್ಟ್ರೋಕ್ ಅಂದ್ರೆ ಪಾರ್ಶ್ವವಾಯು ಆದಾಗ ಮನೆಯವರ ಗಮನವೆಲ್ಲ ಮೆದುಳಿನ ಮೇಲೆಯೇ. ಆದರೆ ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುವ ಸಿಟಿ ಆಂಜಿಯೋಗ್ರಾಮ್ ಸಾಮಾನ್ಯವಾಗಿ ಎದೆಯ ಮೇಲ್ಭಾಗದಿಂದಲೇ ಶುರುವಾಗುತ್ತದೆ. ಹಾಗಾಗಿ ಶ್ವಾಸಕೋಶದ ತುದಿಯೂ ಚಿತ್ರದಲ್ಲಿ ಬರುತ್ತದೆ. ಅಲ್ಲಿ ಹಳೆಯ ಕ್ಷಯದ ಕಲೆ, ನ್ಯುಮೋನಿಯಾ, ಬೀಡಿ-ಸಿಗರೇಟಿನ ಹಾನಿ ಅಥವಾ ಸಣ್ಣ ಗಂಟು ಕಾಣಿಸಬಹುದು.

ಗಂಟು ಅಂದ ಕೂಡಲೇ ಕ್ಯಾನ್ಸರ್ ಅಲ್ಲ. ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯಂತೆ, ಅಪಾಯ ಕಡಿಮೆ ಇರುವವರಲ್ಲಿ 6 ಮಿ.ಮೀ.ಗಿಂತ ಚಿಕ್ಕದಾದ ಗಟ್ಟಿ ಗಂಟಿಗೆ ಮರುಸ್ಕ್ಯಾನ್ ಬೇಕಿಲ್ಲ. 8 ಮಿ.ಮೀ. ದಾಟಿದ್ದರೆ 3 ತಿಂಗಳಲ್ಲಿ ಮತ್ತೆ ಸಿಟಿ, ಇಲ್ಲವೇ ಪೆಟ್ ಸ್ಕ್ಯಾನ್, ಬಯಾಪ್ಸಿ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಧೂಮಪಾನಿಗಳಲ್ಲಿ ಇನ್ನಷ್ಟು ಎಚ್ಚರ ಬೇಕು.

ತುರ್ತಿನ ಗಡಿಬಿಡಿಯಲ್ಲಿ ವರದಿಯ ಆ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿಗೆ ಬಾರದೇ ಹೋಗಬಹುದು. ಮಾತು ನಿಂತ ರೋಗಿ ಕೇಳಲಾರರು. ಕೇಳಬೇಕಾದವರು ಮಕ್ಕಳು: "ಎದೆಯ ಭಾಗದಲ್ಲಿ ಏನಾದ್ರೂ ಕಂಡಿದೆಯಾ ಡಾಕ್ಟ್ರೇ? ಮತ್ತೆ ಯಾವಾಗ ನೋಡಿಸಬೇಕು?"

ಮಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಮಂಜೇಶ್ವರ, ಕಾಸರಗೋಡಿಗೆ ಮರಳುವವರು ವರದಿಯ ಜೊತೆ ಸಿಡಿಯನ್ನೂ ಜೋಪಾನವಾಗಿ ತರಬೇಕು. ಗಂಟು ಬೆಳೆದಿದೆಯೋ ಇಲ್ಲವೋ ಎಂದು ಹೇಳಲು ಮುಂದಿನ ವೈದ್ಯರಿಗೆ ಹಳೆಯ ಚಿತ್ರ ಬೇಕೇ ಬೇಕು.