ವಯನಾಡಿನ ಆಸ್ಪತ್ರೆ: ಬಂದು ಹೋಗುವ ದಾದಿಯರು, ನಿಲ್ಲುವ ದಾದಿಯರು

ಎಚ್.ಡಿ. ಕೋಟೆ ತಾಲ್ಲೂಕು ಮುಗಿಯುವ ಬೈರಕುಪ್ಪೆಯಲ್ಲಿ ಕಬಿನಿ ಹೊಳೆಯೇ ಗಡಿ. ಆಚೆ ದಡ ಕೇರಳದ ವಯನಾಡು. ಈಚೆ ದಡದವರಿಗೆ ಜ್ವರ ಬಂದರೂ, ಹೆರಿಗೆ ನೋವು ಕಾಣಿಸಿದರೂ ತಾಲ್ಲೂಕು ಕೇಂದ್ರಕ್ಕಿಂತ ವಯನಾಡಿನ ಆಸ್ಪತ್ರೆಯೇ ಹತ್ತಿರ. ಹಾಗೆಯೇ ಆ ಕಡೆಯ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಈ ಕಡೆಗೆ, ಮೈಸೂರು, ಬೆಂಗಳೂರು, ಮಂಗಳೂರಿಗೆ ಬರುತ್ತಾರೆ. ಕಲಿತ ಮೇಲೆ ಬಹಳ ಮಂದಿ ಗಲ್ಫಿಗೋ ಬ್ರಿಟನ್ನಿಗೋ ವಿಮಾನ ಹತ್ತುತ್ತಾರೆ. ಅವರನ್ನು ದೂರುವ ಹಾಗಿಲ್ಲ, ಮನೆ ಸಾಲ ತೀರಬೇಕಲ್ಲ! ಆದರೆ ಕಾಡಂಚಿನ ಆಸ್ಪತ್ರೆಯಲ್ಲಿ ಉಳಿಯೋರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದಕ್ಕೆ ತಿರುವು ಮುರುವಾದ ಇನ್ನೊಂದು ಓಡಾಟವೂ ಉಂಟು. ಹೊರದೇಶಗಳ ನರ್ಸಿಂಗ್ ವಿದ್ಯಾರ್ಥಿಗಳು ಕೆಲವು ವಾರದ ಮಟ್ಟಿಗೆ ದೂರದ ಹಳ್ಳಿ ಆಸ್ಪತ್ರೆಗಳಿಗೆ ಸ್ವಯಂಸೇವೆಗೆ ಹೋಗುವುದು ಈಗ ರೂಢಿ. ನಮ್ಮ ಕಾಲೇಜುಗಳಲ್ಲೂ ಸಮುದಾಯ ಆರೋಗ್ಯ ಪಠ್ಯದ ಭಾಗ. ಚೀಲ ಹೆಗಲಿಗೇರಿಸಿ ಮನೆ ಮನೆಗೆ ಹೋಗದೆ ಪದವಿ ಸಿಗುವುದಿಲ್ಲ. ಇಂಥ ವಿದ್ಯಾರ್ಥಿನಿಗೆ ವಯನಾಡಿನಲ್ಲಿ ಕಾದಿರುವ ಕೆಲಸವೇನು?

2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆಯಲ್ಲಿ ಶೇ. 18.5ರಷ್ಟು ಮಂದಿ ಗಿರಿಜನರು. ಕೇರಳದಲ್ಲಿ ಗಿರಿಜನರು ಅತಿ ಹೆಚ್ಚಿರುವ ಜಿಲ್ಲೆಯಿದು. ಪಣಿಯರು, ಕುರುಮರು, ಅಡಿಯರು, ಕಾಟ್ಟುನಾಯ್ಕರು ಮುಖ್ಯರು. ಗಿರಿಜನರಲ್ಲೂ, ವಯನಾಡಿನ ಚೆಟ್ಟಿಗಳಲ್ಲೂ ಕಾಣುವ ಒಂದು ಕಾಯಿಲೆ ಸಿಕಲ್ ಸೆಲ್ ರಕ್ತಹೀನತೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೀಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು. ಚಳಿ ಬಿದ್ದರೆ, ನೀರು ಕುಡಿಯುವುದು ಕಡಿಮೆಯಾದರೆ ಜಾಸ್ತಿ. ತಂದೆ ತಾಯಿ ಇಬ್ಬರಲ್ಲೂ ಈ ಗುಣ ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಇದನ್ನು ತೊಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2023ರ ಜುಲೈಯಲ್ಲಿ. ಗುರಿ 2047.

ಹೊಸಬಳಾದ ವಿದ್ಯಾರ್ಥಿನಿ ರಕ್ತದೊತ್ತಡ ನೋಡಬಲ್ಲಳು, ಕೂಸಿನ ತೂಕ ಹಿಡಿಯಬಲ್ಲಳು. ಆದರೆ "ಎಲ್ಲಿ ನೋವವ್ವಾ? ಯಾವಾಗಿಂದ? ಮಾತ್ರೆ ಯಾಕೆ ಬಿಟ್ಟೆ?" ಎಂದು ಕೇಳಿ, ಬಂದ ಉತ್ತರ ತಿಳಿಯದಿದ್ದರೆ ಏನು ಫಲ? ಇಲ್ಲಿ ಗಡಿ ಕನ್ನಡಕ್ಕೆ ಒಂದು ಬೆಲೆ ಇದೆ. ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಹತ್ತಿರದ್ದು, ಅವರು ನಮ್ಮ ಜೇನು ಕುರುಬರ ನೆಂಟರು. ಪಣಿಯರು, ಅಡಿಯರು ಕೊಡಗಿನಲ್ಲಿ ಎರವರೆನಿಸಿದ್ದಾರೆ. ಕಾಯಿಲೆಗೂ ರಕ್ತ ಸಂಬಂಧಕ್ಕೂ ಚೆಕ್‌ಪೋಸ್ಟ್ ಇಲ್ಲ. ಆಸ್ಪತ್ರೆ ಚೀಟಿಗೆ ಮಾತ್ರ ಇದೆ. ಕುಟ್ಟದ ತೋಟಕ್ಕೆ ಕೂಲಿಗೆ ಬಂದವಳ ಕಾಗದ ಮಾನಂದವಾಡಿಯಲ್ಲೇ ಉಳಿದರೆ, ನೋವು ಬಂದ ರಾತ್ರಿ ಇಲ್ಲಿನ ದಾದಿಗೆ ಎಲ್ಲವೂ ಮೊದಲಿಂದ.

ನಿಂತು ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ದೂರವಿಲ್ಲ. ಮುಟ್ಟಿಲ್‌ನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್‌ಗೆ 1980ರಲ್ಲಿ ನಾಗಪುರದಿಂದ ಬಂದ ಡಾ. ಧನಂಜಯ ಸಗ್ದೇವ್ ಅಲ್ಲೇ ನೆಲೆಸಿ ದಶಕಗಳ ಕಾಲ ಗಿರಿಜನರ ಸೇವೆ ಮಾಡಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಕ್ಕದ ಗೂಡಲೂರಿನಲ್ಲಿ 'ಅಶ್ವಿನಿ' ಸಂಸ್ಥೆ 1990ರಲ್ಲಿ ಆದಿವಾಸಿ ಆಸ್ಪತ್ರೆ ತೆರೆದಾಗ ಹಿಡಿದ ದಾರಿ ಇನ್ನೂ ನೇರ. ಹಾಡಿಯ ಹುಡುಗಿಯರನ್ನೇ ಆರಿಸಿ ದಾದಿಯರಾಗಿ ತಯಾರು ಮಾಡಿತು. ರೋಗಿಯ ಮಾತು ಅವರ ಮನೆ ಮಾತು. ದುಭಾಷಿ ಬೇಕಿಲ್ಲ.

ಗೂಡಲೂರು ಸೀಮೆ 1877ರವರೆಗೆ ವಯನಾಡಿಗೇ ಸೇರಿತ್ತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಕುಸಿದು ಸೇತುವೆ ಕೊಚ್ಚಿಹೋದಾಗ ನೆರವಿಗೆ ಓಡಿ ಬಂದವರಲ್ಲಿ ಅದೇ ಗೂಡಲೂರಿನ ದಾದಿ ಸಬೀನಾ ಒಬ್ಬರು. ತುಂಬಿ ಹರಿಯುತ್ತಿದ್ದ ಹೊಳೆಯನ್ನು ಹಗ್ಗಕ್ಕೆ ತೂಗಿಕೊಂಡೇ ದಾಟಿ ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. ಆಗಸ್ಟ್ 15ರಂದು ತಮಿಳುನಾಡು ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ರಾಜ್ಯ ಬೇರೆ, ನೆರೆಮನೆ ಒಂದೇ.

ಹಾಗಾದರೆ ನಾಲ್ಕು ವಾರಕ್ಕೆ ಬರುವ ವಿದ್ಯಾರ್ಥಿನಿ ಬೇಡವೇ? ಖಂಡಿತ ಬೇಕು. ಆದರೆ ತನ್ನೂರಿನಲ್ಲಿ ಮಾಡಲು ಪರವಾನಗಿ ಇಲ್ಲದ ಕೆಲಸವನ್ನು ಬಡವರ ಮೈಮೇಲೆ ಇಲ್ಲಿ ಕಲಿಯಬಾರದು. ಹಾಡಿಯಲ್ಲಿ ಕೇಳದೆ ಫೋಟೊ ಹಿಡಿಯಬಾರದು. ಬರುವ ಮುನ್ನ ಐವತ್ತು ಮಾತಾದರೂ ಕಲಿತಿರಬೇಕು. ಸ್ಥಳೀಯ ದಾದಿಯ ಹಿಂದೆ ನಡೆಯಬೇಕು, ಮುಂದೆ ಅಲ್ಲ. ನೋಡಿದ ರೋಗಿಗಳ ವಿವರವನ್ನು ಓದುವಂತೆ ಬರೆದು ಅವಳ ಕೈಗೆ ಕೊಟ್ಟು ಹೋಗಬೇಕು.

ನಮ್ಮ ಕಾಲೇಜುಗಳೂ ಒಂದು ಕೆಲಸ ಮಾಡಬಹುದು. ಪಾಠ ಕಲಿಯಲು ಹಾಡಿಗೆ ತಂಡ ಕಳಿಸಿದರೆ ಸಾಲದು, ಆ ಹಾಡಿಯಿಂದ ವರ್ಷಕ್ಕೊಬ್ಬ ಹುಡುಗಿಯನ್ನಾದರೂ ಕರೆತಂದು ಓದಿಸಲಿ. ಓದು ಮುಗಿಸಿ ಅವಳು ಊರಿಗೆ ಮರಳುವಂತೆ ಸರ್ಕಾರ ಸಂಬಳವನ್ನೂ ಇರಲು ಮನೆಯನ್ನೂ ಕೊಡಲಿ. ಆಗ ಹೊಳೆಯ ಎರಡೂ ದಡದವರಿಗೆ ರಾತ್ರಿ ಹೊತ್ತು ಕದ ತಟ್ಟಲು ಒಂದು ಮನೆ ಸಿಗುತ್ತದೆ.