ಕುಡಿಯದವರ ಲಿವರ್‌ಗೂ ಕೊಬ್ಬು! ಕರಗಿಸೋ ಸಕ್ಕರೆ ಮಾತ್ರೆ ಈಗ ಅಗ್ಗ, ಆದರೆ ಹುಷಾರು

‘ಒಂದು ಹನಿ ಹೆಂಡ ಮುಟ್ಟಿದವನಲ್ಲ ಸ್ವಾಮಿ, ನನ್ನ ಲಿವರ್ ಹೇಗೆ ಕೆಟ್ಟಿತು?’ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದ ಸಕ್ಕರೆ ಕಾಯಿಲೆಯವರೆಲ್ಲ ಕೇಳುವ ಪ್ರಶ್ನೆ ಇದು.

ಹೆಂಡಕ್ಕೂ ಇದಕ್ಕೂ ಸಂಬಂಧವೇ ಬೇಕಿಲ್ಲ. ಇನ್ಸುಲಿನ್ ಮಾತು ಕೇಳದ ಮೈ ಲಿವರ್‌ನಲ್ಲಿ ಕೊಬ್ಬು ಕೂಡಿಡುತ್ತದೆ. ಎರಡನೇ ಬಗೆಯ ಮಧುಮೇಹ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಇದೆ. ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಕೆಲವರಲ್ಲಿ ಲಿವರ್ ಗಟ್ಟಿಯಾಗಿ ಸಿರೋಸಿಸ್‌ಗೆ ತಿರುಗುತ್ತದೆ.

ಹಾಗಾದರೆ ಮದ್ದು? ದಿನಾ ನುಂಗುವ ಮೆಟ್‌ಫಾರ್ಮಿನ್ ಸಕ್ಕರೆ ಇಳಿಸುತ್ತದೆಯೇ ಹೊರತು ಲಿವರ್ ಕೊಬ್ಬಿನ ಮೇಲೆ ಅದರ ಆಟ ಹೆಚ್ಚು ನಡೆಯದು. ಗುರುಗ್ರಾಮದ ಮೇದಾಂತ ಆಸ್ಪತ್ರೆಯ ವೈದ್ಯರು ಬೇರೊಂದು ಸಕ್ಕರೆ ಮಾತ್ರೆ ಪರೀಕ್ಷಿಸಿ 2018ರಲ್ಲಿ ಲೆಕ್ಕ ಕೊಟ್ಟರು. ಹೆಸರು ಎಂಪಾಗ್ಲಿಫ್ಲೋಜಿನ್. 50 ರೋಗಿಗಳು, 20 ವಾರ. ಎಲ್ಲರಿಗೂ ಮಾಮೂಲಿ ಔಷಧಿ. ಒಂದು ಗುಂಪಿಗೆ ಅದರ ಜೊತೆ ದಿನಕ್ಕೆ 10 ಮಿಲಿಗ್ರಾಂ ಈ ಮಾತ್ರೆ. ಮಾತ್ರೆ ನುಂಗಿದವರ ಲಿವರ್ ಕೊಬ್ಬು ಶೇಕಡಾ 16.2ರಿಂದ 11.3ಕ್ಕೆ ಇಳಿಯಿತು. ಉಳಿದವರದ್ದು 16.4ರಿಂದ 15.5ಕ್ಕೆ ಬಂದು ನಿಂತಿತು.

ಈ ಮಾತ್ರೆ ಹೆಚ್ಚಾದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆಗ ಮೈ ತನ್ನ ಕೊಬ್ಬನ್ನೇ ಉರಿಸಬೇಕಾಗುತ್ತದೆ. ಆದರೆ ಕೊಬ್ಬು ಇಳಿದ ಮಾತ್ರಕ್ಕೆ ಸಿರೋಸಿಸ್ ತಪ್ಪಿತು ಅನ್ನುವಂತಿಲ್ಲ. 50 ಜನರ ಪರೀಕ್ಷೆ ಅಷ್ಟು ದೊಡ್ಡ ಮಾತು ಹೇಳದು.

ಜೇಬಿನ ಸಂಗತಿಗೆ ಬರೋಣ. ಒಂದಕ್ಕೆ ಸುಮಾರು 60 ರೂಪಾಯಿ ಇದ್ದ ಮಾತ್ರೆಯ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿಯಿತು. ದೇಶೀ ಕಂಪನಿಗಳು ನುಗ್ಗಿದವು. ಬೆಲೆ ಹತ್ತು ರೂಪಾಯಿ ಆಸುಪಾಸಿಗೆ ಬಿತ್ತು.

ಅಗ್ಗ ಆಯ್ತು ಅಂತ ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಶೀಟ್ ಕೊಡಪ್ಪಾ’ ಅನ್ನಬೇಡಿ. ಗುಪ್ತಾಂಗದಲ್ಲಿ ತುರಿಕೆ, ಸೋಂಕು ಬರಬಹುದು. ವಾಂತಿ-ಭೇದಿ, ಉಪವಾಸ, ಆಪರೇಷನ್ ಇದ್ದಾಗ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಅಪರೂಪಕ್ಕೆ, ಸಕ್ಕರೆ ಸರಿಯಾಗಿದ್ದರೂ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಸಂಚಕಾರ ಬರುತ್ತದೆ. ಹಳೆಯ ಪಯೋಗ್ಲಿಟಜೋನ್ ಸಹ ಲಿವರ್ ಕೊಬ್ಬು ಇಳಿಸುತ್ತದೆ. ಆದರೆ ತೂಕ ಏರುತ್ತದೆ, ಕಾಲು ಊದುತ್ತದೆ, ಹೃದಯ ಸೋತವರಿಗೆ ಅದು ಕೂಡದು. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ, ಬಿ.ಪಿ. ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಸರ್ಕಾರಿ ಆಸ್ಪತ್ರೆಗೆ ಸಕ್ಕರೆ ತೋರಿಸಲು ಹೋದಾಗ ‘ನನ್ನ ಲಿವರ್ ಹೇಗಿದೆ?’ ಅಂತಲೂ ಕೇಳಿ. ಜೊತೆಗೆ, 80 ಕಿಲೋ ತೂಗುವವರು ನಾಲ್ಕು ಕಿಲೋ ಇಳಿಸಿದರೂ ಲಿವರ್ ಕೊಬ್ಬು ಕರಗತೊಡಗುತ್ತದೆ. ಅದಕ್ಕೆ ಯಾವ ಚೀಟಿಯೂ ಬೇಡ.