ಬೋರ್‌ವೆಲ್‌ನಲ್ಲಿ ಸಿಗದ ಎಲುಬು

ನಮ್ಮ ಅಲೀಪುರದಲ್ಲಿ ಮದುವೆ ಊಟವಾದ ಮೇಲೆ ಶುರುವಾಗುವ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಕಲ್ಲಿನ ರೇಟಿಗೇ ಬಂದು ನಿಲ್ಲುತ್ತದೆ. ರತ್ನದ ಕಲ್ಲುಗಳ ವ್ಯಾಪಾರವೇ ಇಲ್ಲಿ ಎಷ್ಟೋ ಮನೆಗಳ ಅನ್ನ. ಆದರೆ ಅಕ್ಕನ ಮದುವೆಯಲ್ಲಿ ಮಾತು ಡೈನೊಸಾರ್ ಕಡೆಗೆ ತಿರುಗಿತು. ತಿರುಗಿಸಿದವನು ಚಾಚಾನ ಮಗ, ಆಗಷ್ಟೇ ಸೆಕೆಂಡ್ ಪಿಯುಸಿ ಸೈನ್ಸ್‌ಗೆ ಕಾಲಿಟ್ಟವನು.

‘ಭಾಯ್, ಡೈನೊಸಾರ್ ಅನ್ನೋದೇ ಇರಲಿಲ್ಲ. ಎಲ್ಲ ಮ್ಯೂಸಿಯಂನೋರು ಪ್ಲಾಸ್ಟರ್‌ನಲ್ಲಿ ಮಾಡಿ ನಿಲ್ಸಿರೋದು. 1842ರಲ್ಲಿ ಯಾರೋ ಹೆಸರಿಟ್ರು, ಆಮೇಲೇ ಎಲ್ಲಾ ಕಡೆ ಮೂಳೆ ಸಿಗೋಕೆ ಶುರುವಾಯ್ತು!’

ನಾನು ನಕ್ಕೆ. ನಕ್ಕು ಸುಮ್ಮನಾಗಿದ್ದರೂ ಆಗುತ್ತಿತ್ತು. ‘ನಿನ್ನ ತಲೆ ಸ್ಕ್ಯಾನ್ ಮಾಡಿಸಿದ್ರೆ ಡೈನೊಸಾರ್ ಮಿದುಳೇ ಸಿಗುತ್ತೆ’ ಎಂದುಬಿಟ್ಟೆ. ಸುತ್ತ ಕೂತವರೆಲ್ಲ ನಕ್ಕರು. ಅವನು ನಗಲಿಲ್ಲ. ‘ನಮ್ ಕಡೆ ಸಾವಿರ ಅಡಿ, ಸಾವಿರದೈನೂರು ಅಡಿ ಬೋರ್ ಕೊರೀತಾರೆ. ಒಂದರಲ್ಲಾದ್ರೂ ಎಲುಬು ಬಂದಿದ್ಯಾ?’ ಎಂದು ಕೇಳಿ ಎದ್ದುಹೋದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್. ಎಂಜಿನಿಯರಿಂಗ್ ಜಿಯಾಲಜಿ ಎಂಬ ವಿಷಯವನ್ನು ಒಳ್ಳೆಯ ಅಂಕಗಳಲ್ಲೇ ಪಾಸು ಮಾಡಿದ್ದೆ. ಲ್ಯಾಬ್‌ನಲ್ಲಿ ಕಲ್ಲಿನ ತುಂಡು ಕೈಗೆ ಕೊಟ್ಟರೆ ‘ನೈಸ್, ರೂಪಾಂತರ ಶಿಲೆ’ ಎಂದು ಗಿಳಿಪಾಠ ಒಪ್ಪಿಸಿದವನು. ಬೋರ್‌ವೆಲ್ ಲಾರಿಯ ಬೂದು ಪುಡಿ ಮೈಮೇಲೆ ಬೀಳುವಾಗ ಅದೇ ನೈಸ್ ಇದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಡೈನೊಸಾರ್ ಇತ್ತು ಎಂದು ನಾನು ನಂಬಿದ್ದಾದರೂ ಹೇಗೆ? ‘ಜುರಾಸಿಕ್ ಪಾರ್ಕ್’ ನೋಡಿ. ಅವನು ಇಲ್ಲ ಎಂದು ನಂಬಿದ್ದು ಒಂದು ವಿಡಿಯೊ ನೋಡಿ. ಇಬ್ಬರದೂ ಅಷ್ಟೇ.

ಆಮೇಲೆ ಅವನು ನನ್ನ ಫೋನ್ ಎತ್ತುವುದು ನಿಲ್ಲಿಸಿದ. ತಿಂಗಳು ಕಳೆದ ಮೇಲೆ ಚಾಚಿ ಅಮ್ಮಿಯ ಹತ್ತಿರ ಕಣ್ಣೀರು ಹಾಕಿದರಂತೆ: ಹುಡುಗ ಕಾಲೇಜು ಬಿಡ್ತೀನಿ, ಜೈಪುರಕ್ಕೆ ಹೋಗಿ ಕಲ್ಲಿನ ಕೆಲಸ ಕಲೀತೀನಿ ಅಂತಿದ್ದಾನೆ. ‘ಒಂದು ಸುಳ್ಳು ಅಂದ್ಮೇಲೆ ಆ ಬುಕ್ಕಲ್ಲಿ ಇನ್ನೆಷ್ಟು ಸುಳ್ಳಿದೆಯೋ’ ಎನ್ನುವುದು ಅವನ ವಾದ. ಕಲ್ಲಿನ ಕೆಲಸ ಕೀಳೇನಲ್ಲ, ನನ್ನ ಫೀಸು ಅದರಿಂದಲೇ ಬರುವುದು. ಆದರೆ ಡಾಕ್ಟರಾಗುತ್ತೇನೆ ಎಂದು ಹಟ ಹಿಡಿದು ಸೈನ್ಸ್ ತೆಗೆದುಕೊಂಡ ಹುಡುಗ ಅವನು.

ಹಾಗಾಗಿ ಹಳೆಯ ಜಿಯಾಲಜಿ ನೋಟ್ಸ್ ತೆಗೆದೆ. ಈ ಸಲ ಅಂಕಕ್ಕಲ್ಲ.

ಮೊದಲು ಬೋರ್‌ವೆಲ್. ಪಳೆಯುಳಿಕೆ ಆಗಬೇಕಾದರೆ ಸತ್ತ ಪ್ರಾಣಿಯ ಮೇಲೆ ಹೂಳು, ಮರಳು ಬೇಗ ಮುಚ್ಚಿಕೊಳ್ಳಬೇಕು. ಆ ಪದರ ಗಟ್ಟಿಯಾಗಿ ಕಲ್ಲಾಗಬೇಕು. ಗೌರಿಬಿದನೂರು, ಚಿಕ್ಕಬಳ್ಳಾಪುರ ಕಡೆಯ ಬಂಡೆ ಆ ಜಾತಿಯದ್ದೇ ಅಲ್ಲ. ನೆಲದಾಳದ ಬಿಸಿಯಲ್ಲಿ ಬೆಂದು ಗಟ್ಟಿಯಾದ ಗ್ರಾನೈಟ್, ನೈಸ್. ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಇನ್ನೂ ಹೆಚ್ಚು. ಡೈನೊಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ, ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಸಾವಿರದೈನೂರು ಅಡಿಯಲ್ಲ, ಹದಿನೈದು ಸಾವಿರ ಅಡಿ ಕೊರೆದರೂ ಸಿಗುವುದು ಡೈನೊಸಾರ್ ಹುಟ್ಟುವುದಕ್ಕಿಂತ ಬಹಳ ಮುಂಚಿನ ಬಂಡೆಯೇ. (ನೀರೂ ಸಿಗುವುದಿಲ್ಲ, ಅದು ಬೇರೆ ಗೋಳು.) ಅವು ನಮ್ಮ ನೆಲದ ಮೇಲೆ ಓಡಾಡಿದ್ದರೂ ಇರಬಹುದು, ಎಲುಬು ಉಳಿಸಿಕೊಳ್ಳುವ ಪದರ ಇಲ್ಲಿಲ್ಲ.

ಪದರ ಇರುವ ಕಡೆ ಸಿಕ್ಕಿವೆ. 1842ರ ಮಾತಿಗೆ ಉತ್ತರ ನಮ್ಮ ದೇಶದಲ್ಲೇ ಇದೆ. ಆ ವರ್ಷ ಇಂಗ್ಲೆಂಡಿನ ರಿಚರ್ಡ್ ಓವೆನ್ ‘ಡೈನೊಸಾರ್’ ಎಂಬ ಪದ ಹುಟ್ಟಿಸಿದ್ದು ನಿಜ. ಆದರೆ ಜಬಲ್‌ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ವಿಲಿಯಂ ಸ್ಲೀಮನ್‌ಗೆ ದೊಡ್ಡ ಮೂಳೆಗಳು ಸಿಕ್ಕಿದ್ದು 1828ರಲ್ಲಿ. ಥಗ್ಗರನ್ನು ಹಿಡಿದನಲ್ಲ, ಅದೇ ಸ್ಲೀಮನ್. ಅದು ಯಾವ ಪ್ರಾಣಿ ಎಂದು ಅವನಿಗೂ ಗೊತ್ತಿರಲಿಲ್ಲ. 1877ರಲ್ಲಿ ಲೈಡೆಕ್ಕರ್ ‘ಟೈಟನೊಸಾರಸ್ ಇಂಡಿಕಸ್’ ಎಂದು ಹೆಸರಿಟ್ಟ. ಆಮೇಲೆ ಆ ಮೂಳೆ ಕಳೆದೇಹೋಗಿತ್ತು! 2012ರಲ್ಲಿ ಕೋಲ್ಕತ್ತದ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಸಂಗ್ರಹದಲ್ಲೇ ಮತ್ತೆ ಸಿಕ್ಕಿತು. ನಮ್ಮ ಸರ್ಕಾರಿ ಗೋದಾಮು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳ ಬಗ್ಗೆ 2023ರಲ್ಲಿ ಸಂಶೋಧನಾ ಲೇಖನ ಬಂತು.

ಪ್ಲಾಸ್ಟರ್ ಮಾತಿನಲ್ಲಿ ಮಾತ್ರ ಅರ್ಧ ಸತ್ಯ ಇದೆ. ಅಸಲು ಮೂಳೆ ಭಾರ, ಒಡೆಯುವಂಥದ್ದು; ಅನೇಕ ಮ್ಯೂಸಿಯಂಗಳು ಅಚ್ಚು ತೆಗೆದು ನಿಲ್ಲಿಸುತ್ತವೆ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿಂತಿರುವ, ರವೀಂದ್ರನಾಥ ಟ್ಯಾಗೋರ್ ಹೆಸರಿನ ‘ಬರಪಾಸಾರಸ್ ಟಾಗೋರೈ’ ಗೋದಾವರಿ ಕಣಿವೆಯಲ್ಲಿ ಸಿಕ್ಕಿದ್ದು. ಕನಿಷ್ಠ ಆರು ಪ್ರಾಣಿಗಳ ಸುಮಾರು 300 ಮೂಳೆಗಳು. ತಲೆಬುರುಡೆ ಸಿಕ್ಕಿಲ್ಲ, ಹಲ್ಲು ಮಾತ್ರ. ಸುಳ್ಳು ಹೇಳುವವರಾದರೆ ತಲೆಯನ್ನೇ ಮರೆಯುತ್ತಿದ್ದರೇ?

ಇಷ್ಟನ್ನೂ ಹೊತ್ತು ಅವನ ಮನೆಗೆ ಹೋದೆ. ಮೊದಲು ಮದುವೆಯ ದಿನದ ಮಾತಿಗೆ ಕ್ಷಮೆ ಕೇಳಿದೆ. ಮನೆಮಾತು ಉರ್ದು, ವಿಜ್ಞಾನ ಇಂಗ್ಲಿಷಿನದು, ಜಗಳ ಕನ್ನಡದಲ್ಲಿ. ಮೂರರಲ್ಲೂ ಒಂದು ಗಂಟೆ ವಾದ ನಡೆಯಿತು. ಬೋರ್‌ವೆಲ್ ಉತ್ತರ ಅವನಿಗೆ ಹಿಡಿಸಿತು. ಆದರೆ ‘ಮೋಸ ಮಾಡೋರು ಇರಲ್ವಾ?’ ಎಂದ. ಇದ್ದಾರೆ ಎಂದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ವರ್ಷಗಟ್ಟಲೆ ಹಿಮಾಲಯದ್ದೆಂದು ಬರೆದ ಪಳೆಯುಳಿಕೆಗಳಲ್ಲಿ ಮೊರಾಕೊದ ಮಾಲೂ ಇತ್ತು. 1989ರಲ್ಲಿ ಅದನ್ನು ಬಯಲಿಗೆಳೆದವರು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್, ಅವರೂ ಪಳೆಯುಳಿಕೆ ತಜ್ಞರೇ.

ಅಬ್ಬಾ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ‘ಅಸಲು ಇದ್ರೇನೇ ನಕಲು’ ಎಂದರು. ಅದು ಪೂರ್ತಿ ಸರಿಯಲ್ಲ. ದೆವ್ವದ ನಕಲಿ ಫೋಟೊಗಳೂ ಇವೆಯಲ್ಲ! ಆದರೆ ಆಮೇಲೆ ಅವರು ಮಾಡಿದ್ದು ನನ್ನ ಒಂದು ಗಂಟೆಯ ಭಾಷಣಕ್ಕಿಂತ ಚೆನ್ನಾಗಿತ್ತು. ಎರಡು ಕೆಂಪು ಕಲ್ಲು ತಂದು ಅವನ ಕೈಗೆ ಲೂಪ್ ಕೊಟ್ಟರು. ಒಂದರೊಳಗೆ ಬಾಗಿದ ಗೆರೆಗಳಿದ್ದವು: ಜ್ವಾಲೆಯಲ್ಲಿ ತಯಾರಿಸಿದ ಮಾಣಿಕ್ಯ. ನೆಲದಲ್ಲಿ ಬೆಳೆದದ್ದರಲ್ಲಿ ಗೆರೆಗಳು ನೇರ. ‘ಗಿರಾಕಿ ನನ್ನ ಮಾತು ನಂಬೋದು ಬೇಡ ಬೇಟಾ, ನೋಡ್ಕೊಳ್ಲಿ’ ಎಂದರು.

‘ಸರಿ, ಈ ಕೋಟಿ ವರ್ಷದ ಲೆಕ್ಕ ಎಲ್ಲಿ ನೋಡ್ಕೊಳ್ಳೋದು?’ ಎಂದ ಅವನು.

ಅದಕ್ಕೂ ಉತ್ತರ ಅಬ್ಬಾನ ಡ್ರಾಯರ್‌ನಲ್ಲೇ ಇತ್ತು: ಜಿರ್ಕಾನ್. (ಅಮೆರಿಕನ್ ಡೈಮಂಡ್‌ಗೂ ಜಿರ್ಕಾನ್‌ಗೂ ವ್ಯತ್ಯಾಸ ಗೊತ್ತಿಲ್ಲದವರನ್ನು ಕಂಡರೆ ಅಬ್ಬಾಗೆ ಕೋಪ.) ಈ ಹರಳು ಬೆಳೆಯುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸಕ್ಕೆ ಹೆಚ್ಚುಕಡಿಮೆ ಪ್ರವೇಶವೇ ಇಲ್ಲ. ಯುರೇನಿಯಂ-238ರಲ್ಲಿ ಅರ್ಧ ಪಾಲು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಈಗ ಒಳಗಿರುವ ಎರಡರ ಪ್ರಮಾಣ ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ನಮ್ಮ ನೆಲದ ಬಂಡೆಯ ವಯಸ್ಸನ್ನು ಅದರೊಳಗಿನ ಸಣ್ಣ ಜಿರ್ಕಾನ್‌ಗಳಿಂದ ಲೆಕ್ಕ ಹಾಕುತ್ತಾರೆ. ಡೈನೊಸಾರ್ ಪದರದ ಮೇಲೆ ಕೆಳಗೆ ಜ್ವಾಲಾಮುಖಿ ಬೂದಿ ಸಿಕ್ಕರೆ ಅದಕ್ಕೂ ಇದೇ ದಾರಿ.

ಅವನು ಜಿರ್ಕಾನನ್ನು ಲೂಪ್ ಕೆಳಗೆ ತುಂಬ ಹೊತ್ತು ತಿರುಗಿಸಿ ನೋಡಿದ. ‘ಸೀಸ ಕಾಣಲ್ವಲ್ಲ’ ಎಂದ. ಕಾಣುವುದಿಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ಬೇಕು ಎಂದೆ. ಅದು ಹೇಗೆ ಎಣಿಸುತ್ತದೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ, ಹಾಗೇ ಹೇಳಿದೆ. ಮರುದಿನ ಜಿಯಾಲಜಿ ಮೇಡಂ ಹತ್ತಿರ ವಿಚಾರಿಸಿದರೆ, ‘ಆ ಹುಡುಗನನ್ನೇ ಕರ್ಕೊಂಡು ಬಾ’ ಎಂದರು.

ಡೈನೊಸಾರ್ ಇತ್ತು ಎಂದು ಅವನಿನ್ನೂ ಒಪ್ಪಿಲ್ಲ. ಜೈಪುರದ ಮಾತು ಪರೀಕ್ಷೆ ಮುಗಿಯುವವರೆಗೆ ಬೇಡ ಎಂದಿದ್ದಾನಂತೆ. ಶನಿವಾರ ಬೆಳಗಿನ ರೈಲಿಗೆ ಗೌರಿಬಿದನೂರಿನಿಂದ ಇಬ್ಬರೂ ಹೊರಡುತ್ತಿದ್ದೇವೆ. ಮೇಡಂಗೆ ಕೇಳಲು ಅವನು ಹನ್ನೊಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದಾನೆ, ನನಗೆ ತೋರಿಸುತ್ತಿಲ್ಲ.